ಕಾನಾನ್ ದೇಶವು ಯಾರದು? ಯೆಹೂದ್ಯರ ಮತ್ತು ಮುಸಲ್ಮಾನರ ವಾದಗಳ ವಿಷಯವಾದ ಪಾಠ

ಓದತಕ್ಕ ಅಧ್ಯಾಯಗಳು: ಆದಿಕಾಂಡ 13, 17, 23, ಯಾಜಕಕಾಂಡ 25, ಧರ್ಮೋಪದೇಶಕಾಂಡ 2, 2 ಸಮುವೇಲ 24, ಯೆಹೆಜ್ಕೇಲ 47.

2023ನೆಯ ಇಸವಿ ಅಕ್ಟೋಬರ 7ನೆಯ ತಾರೀಖಿನಲ್ಲಿ ಹಮಾಸಿನವರು ಗಾಜಾ ಸೀಮೆಯಿಂದ ಹೊರಟು ಇಸ್ರಾಯೇಲಿನ ಊರುಗಳ ಮೇಲೆ ಬಿದ್ದು ಸುಮಾರು 1,200 ಮಂದಿಯನ್ನು ಕೊಂದು 251 ಮಂದಿಯನ್ನು ಸೆರೆಹಿಡಿದು ಒಯ್ದರು. ಅದರ ಬೆನ್ನಿಗೆ ಇಸ್ರಾಯೇಲಿನ ದಂಡು ಗಾಜಾದಲ್ಲಿ ನಡಿಸಿದ ಯುದ್ಧದಲ್ಲಿ ಹತ್ತಾರು ಸಾವಿರ ಜನರು ಸತ್ತರು. ಅವರಲ್ಲಿ ಹೆಂಗಸರೂ ಕೂಸುಗಳೂ ಬಹಳ. ಅಂದಿನಿಂದ ನಮ್ಮ ಸಭೆಗಳಲ್ಲಿ ಒಂದು ಪ್ರಶ್ನೆಯು ಪದೇ ಪದೇ ಕೇಳಬರುತ್ತದೆ: ಆ ದೇಶವು ಯಾರದು? “ದೇವರು ಅದನ್ನು ಅಬ್ರಹಾಮನಿಗೆ ಕೊಟ್ಟನಷ್ಟೆ, ಇನ್ನು ಕೇಳುವದೇನು?” ಎಂದು ನಮ್ಮವರಲ್ಲಿ ಕೆಲವರು ಹೇಳಿ ಪುಸ್ತಕವನ್ನು ಮುಚ್ಚಿಬಿಡುತ್ತಾರೆ. ಅದೇ ಮಾತನ್ನು ಕಾರವಾರದ ಮೀನುಪೇಟೆಯಲ್ಲಾಗಲಿ ಅಂಕೋಲೆಯ ಸಂತೆಯಲ್ಲಾಗಲಿ ನೆರೆಯ ಮುಸಲ್ಮಾನನ ಮುಂದೆ ಆಡಿದರೆ ಅವನು, “ಅದು ನಮ್ಮ ಮೊದಲನೆಯ ಕಿಬ್ಲಾ, ನಮ್ಮ ಪ್ರವಾದಿಯವರು ಪರಲೋಕಕ್ಕೆ ಏರಿದ ಸ್ಥಳ” ಎಂದು ಉತ್ತರಕೊಡುತ್ತಾನೆ. ಆಗ ಇಬ್ಬರ ಮುಖವೂ ಕೆಂಪಾಗುತ್ತದೆ. ದಿನಾಲು ಒಂದೇ ದಾರಿಯಲ್ಲಿ ನಡೆದು ಒಂದೇ ಬಾವಿಯ ನೀರು ಸೇದುವವರು ಕಡಲಾಚೆಯ ದೇಶದ ನಿಮಿತ್ತ ಮಾತು ಬಿಡುವದು ಅಪರೂಪವಲ್ಲ. ಆದಕಾರಣ ಈ ತಿಂಗಳಲ್ಲಿ ನಾವು ಎರಡು ಕಡೆಯವರ ವಾದಗಳನ್ನೂ ಅವರವರ ಗ್ರಂಥಗಳಿಂದಲೂ ಚರಿತ್ರೆಯಿಂದಲೂ ತಕ್ಕಮಟ್ಟಿಗೆ ತಿಳಿಯಲಿಕ್ಕೆ ಯತ್ನಿಸುವೆವು.

ಮೊದಲು ಯೆಹೂದ್ಯರ ವಾದ. ಆದಿಕಾಂಡ 12ನೆಯ ಅಧ್ಯಾಯದಲ್ಲಿ ಅಬ್ರಾಮನು ಕಾನಾನಿಗೆ ಬಂದಾಗ ದೇವರು ಆ ದೇಶವನ್ನು ಅವನ ಸಂತಾನಕ್ಕೆ ಕೊಡುವೆನೆಂದು ಹೇಳಿದನು. 13ರಲ್ಲಿ ಅದೇ ಮಾತು ಇನ್ನೂ ವಿಸ್ತಾರವಾಗಿದೆ; 17ರಲ್ಲಿ ನಿತ್ಯವಾದ ಸ್ವಾಸ್ತ್ಯವೆಂಬ ಮಾತು ಸೇರುತ್ತದೆ. ಬಳಿಕ 26ರಲ್ಲಿ ಇಸಾಕನಿಗೆ, 28ರಲ್ಲಿ ಕಲ್ಲನ್ನು ತಲೆಗಿಂಬಾಗಿಟ್ಟು ಮಲಗಿದ್ದ ಯಾಕೋಬನಿಗೆ, ಅದೇ ವಾಗ್ದಾನವು ದೊರೆಯಿತು. ಇಷ್ಮಾಯೇಲನೂ ಅಬ್ರಹಾಮನ ಮಗನಷ್ಟೆ ಎಂದು ಮುಸಲ್ಮಾನರು ಕೇಳಿದರೆ, ಯೆಹೂದ್ಯರು 17ನೆಯ ಅಧ್ಯಾಯದ ಕಡೆಯ ಭಾಗವನ್ನು ತೋರಿಸುತ್ತಾರೆ: ಅಲ್ಲಿ ಇಷ್ಮಾಯೇಲನಿಗೆ ಆಶೀರ್ವಾದವೂ ಹನ್ನೆರಡು ಅರಸುಗಳೂ ಉಂಟು, ಒಡಂಬಡಿಕೆಯಾದರೋ ಇಸಾಕನೊಂದಿಗೆ. ಅವರು ಚದರಿಹೋದ ಕಾಲಕ್ಕೂ ಒಂದು ಮಾತು ಉಂಟು. ಧರ್ಮೋಪದೇಶಕಾಂಡ 30ರಲ್ಲಿ, ಜನರು ತಿರುಗಿಕೊಂಡರೆ ಆಕಾಶದ ಕಟ್ಟಕಡೆಗೆ ಅಟ್ಟಲ್ಪಟ್ಟವರನ್ನೂ ದೇವರು ಕೂಡಿಸಿ ತರುವನೆಂದು ಮೋಶೆಯು ಹೇಳಿದ್ದಾನೆ. ಇದನ್ನು ಹಗುರವಾಗಿ ಎಣಿಸಬಾರದು. ಸುಮಾರು ಎರಡು ಸಾವಿರ ವರುಷ ದಿಕ್ಕುದಿಕ್ಕಿಗೆ ಚದರಿದ್ದ ಒಂದು ಜನಾಂಗವು ದಿನಕ್ಕೆ ಮೂರಾವರ್ತಿ ಯೆರೂಸಲೇಮಿನ ಕಡೆಗೆ ಮುಖಮಾಡಿ ಪ್ರಾರ್ಥಿಸಿ, ಪಸ್ಕಹಬ್ಬದ ಊಟದ ಕಡೆಯಲ್ಲಿ ಬರುವ ವರುಷದ ಹಬ್ಬವು ಆ ಪಟ್ಟಣದಲ್ಲೇ ಆಗಲೆಂದು ಹಾರೈಸಿಕೊಂಡು ಬಂದಿತು.

ಹಾಗಾದರೆ ಸತ್ಯವೇದವು ಇವರ ಕೈಯಲ್ಲಿ ಒಂದು ಖರೀದಿಪತ್ರವೋ? ನಮ್ಮ ಕಡೆಯಲ್ಲಿ ಜಮೀನಿನ ಪತ್ರ ಬರೆಯುವಾಗ ಮೊದಲು ನೋಡುವದು ಚಕ್ಕುಬಂದಿಯನ್ನು. ಪೂರ್ವಕ್ಕೆ ಇಂಥವನ ಗದ್ದೆ, ಪಶ್ಚಿಮಕ್ಕೆ ಹಳ್ಳ ಎಂದು ನಾಲ್ಕು ಮೇರೆಗಳು ಸರಿಯಾಗದಿದ್ದರೆ ಪತ್ರವು ನಿಲ್ಲದು. ಆದಿಕಾಂಡ 15ರಲ್ಲಿ ದೇಶದ ಮೇರೆಯು ಐಗುಪ್ತದ ನದಿಯಿಂದ ಯೂಫ್ರೇಟೀಸ್ ಮಹಾನದಿಯ ವರೆಗೆ. ಅರಣ್ಯಕಾಂಡ 34ರಲ್ಲಿಯಾದರೋ ಮೂಡಣ ಮೇರೆಯು ಯೊರ್ದನ್ ಹೊಳೆ. ಆದಾಗ್ಯೂ ರೂಬೇನ್ ಗಾದ್ ಕುಲದವರು ಆ ಹೊಳೆಯ ಆಚೆಯಲ್ಲಿಯೇ ನೆಲೆಗೊಂಡರು. ದಾವೀದನ ಕಾಲದ ಮೇರೆ ಬೇರೆ, ಸೆರೆಯಿಂದ ತಿರುಗಿ ಬಂದ ನೆಹೆಮೀಯನ ಕಾಲದ ಮೇರೆ ಬೇರೆ. ಮೇಲಾಗಿ ಧರ್ಮೋಪದೇಶಕಾಂಡ 2ನೆಯ ಅಧ್ಯಾಯವನ್ನು ನಮ್ಮಲ್ಲಿ ಓದುವವರೇ ಕಡಿಮೆ. ಅದರಲ್ಲಿ ಸೇಯೀರ್ ಬೆಟ್ಟವನ್ನು ಏಸಾವನಿಗೂ ಆರ್ ಪ್ರಾಂತವನ್ನು ಲೋಟನ ಮಕ್ಕಳಿಗೂ ತಾನೇ ಕೊಟ್ಟೆನೆಂದು ದೇವರು ಹೇಳಿ, ಅವರ ನೆಲದಲ್ಲಿ ಕಾಲಿಡುವಷ್ಟನ್ನಾದರೂ ತಕ್ಕೊಳ್ಳಕೂಡದೆಂದು ಇಸ್ರಾಯೇಲ್ಯರನ್ನು ತಡೆದನು. ಅಂದರೆ ಬೇರೆ ಜನಾಂಗಗಳ ದೇಶವೂ ಕೊಟ್ಟದ್ದೇ.

ಇನ್ನೊಂದು ಸಂಗತಿಯನ್ನು ನಾವು ವಿಶೇಷವಾಗಿ ಲಕ್ಷಿಸಬೇಕು. ಇಡೀ ದೇಶವು ತನ್ನದಾಗುವದೆಂದು ಮಾತು ದೊರೆತವನು ಹೆಂಡತಿಯು ಸತ್ತಾಗ ಅವಳನ್ನು ಹೂಣಿಡುವದಕ್ಕೆ ಒಂದು ಗೇಣು ನೆಲವಿಲ್ಲದೆ ಹೆಬ್ರೋನಿನಲ್ಲಿ ಹಿತ್ತಿಯರ ಮುಂದೆ ತಲೆಬಾಗಿದನು. ನಾನು ನಿಮ್ಮಲ್ಲಿ ಪರದೇಶಿಯು ಎಂದು ತಾನೇ ಅವರಿಗೆ ಹೇಳಿಕೊಂಡನು. ಎಫ್ರೋನನು ಗವಿಯನ್ನು ಸುಮ್ಮನೆ ಕೊಡುವೆನೆಂದಾಗ್ಯೂ ಅಬ್ರಹಾಮನು ಒಪ್ಪದೆ, ಊರಬಾಗಲಲ್ಲಿ ಪಂಚರ ಎದುರಿಗೆ 400 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟು, ಹೊಲ, ಗವಿ, ಮೇರೆಯ ಮರಗಳು ಸಹಿತವಾಗಿ ಮಕ್ಪೇಲವನ್ನು ಖರೀದಿಸಿದನು. (ಸುಮ್ಮನೆ ತಕ್ಕೊಳ್ಳಿರಿ ಎಂಬ ಎಫ್ರೋನನ ಮಾತು ವ್ಯಾಪಾರದ ಮರ್ಯಾದೆಯೇ ಎಂಬದು ಸಂತೆಗೆ ಹೋಗಿ ಬಲ್ಲ ಯಾರಿಗಾದರೂ ಹೊಳೆಯುವದು.) ದಾವೀದನು ಅರಸನಾಗಿದ್ದರೂ ಅರೌನನ ಕಣವನ್ನು ಕಿತ್ತುಕೊಳ್ಳಲಿಲ್ಲ, 50 ಶೆಕೆಲ್ ಬೆಳ್ಳಿಯನ್ನು ಕೊಟ್ಟು ಕಣವನ್ನೂ ಎತ್ತುಗಳನ್ನೂ ಕೊಂಡನೆಂದು 2 ಸಮುವೇಲ 24ರಲ್ಲಿದೆ. ಆ ಕಣವೇ ಬಳಿಕ ಸೊಲೊಮೋನನ ದೇವಾಲಯದ ಸ್ಥಳವಾಯಿತೆಂದು ಪೂರ್ವಕಾಲವೃತ್ತಾಂತವು ಹೇಳುತ್ತದೆ. ಯೆರೆಮೀಯನು ಬಾಬೆಲಿನ ದಂಡು ಪಟ್ಟಣವನ್ನು ಮುತ್ತಿಕೊಂಡಿರುವಾಗಲೇ 17 ಶೆಕೆಲ್ ತೆತ್ತು ಅನಾತೋತಿನ ಹೊಲವನ್ನು ಕೊಂಡು ಪತ್ರವನ್ನು ಮಣ್ಣಿನ ಗಡಿಗೆಯಲ್ಲಿಡಿಸಿದನು. ವಾಗ್ದಾನವನ್ನು ನಂಬಿದ ಈ ಮೂವರೂ ಆ ವಾಗ್ದಾನವನ್ನೇ ಕ್ರಯವೆಂದು ತೋರಿಸಿ ಮತ್ತೊಬ್ಬನ ಹೊಲವನ್ನು ಕೇಳಲಿಲ್ಲ. ಯೆಹೋಶುವನ ಪುಸ್ತಕದಲ್ಲಿ ಯುದ್ಧವೂ ಸಂಹಾರವೂ ಉಂಟಲ್ಲಾ ಎಂದು ಯಾರಾದರೂ ಕೇಳಬಹುದು. ಉಂಟು, ಅದನ್ನು ಮುಚ್ಚಲಾಗದು. ಆದರೆ ಆ ಪುಸ್ತಕದ ಆಜ್ಞೆಯು ಆ ಕಾಲಕ್ಕೆ ಹೆಸರಿಸಲ್ಪಟ್ಟ ಜನಾಂಗಗಳ ಸಂಬಂಧವಾದದ್ದು. ಅದನ್ನು ಇಂದಿನವರ ಮೇಲೆ ತಿರುಗಿಸಲಿಕ್ಕೆ ಅಲ್ಲಿ ಅಪ್ಪಣೆ ಕಾಣುವದಿಲ್ಲ. ಭೂಮಿಯು ತನ್ನದು, ನೀವು ನನ್ನ ಬಳಿಯಲ್ಲಿ ಒಕ್ಕಲುಗಳೂ ಪರವಾಸಿಗಳೂ ಎಂಬ ಅರ್ಥವನ್ನು ದೇವರು ಯಾಜಕಕಾಂಡ 25ರಲ್ಲಿ ಇಸ್ರಾಯೇಲ್ಯರಿಗೆ ಸ್ಪಷ್ಟಪಡಿಸಿದ್ದಾನೆ; ಗೇಣಿಗೆ ಉತ್ತು ಬಲ್ಲ ನಮ್ಮ ಜನರಿಗೆ ಆ ಮಾತಿನ ತೂಕವನ್ನು ವಿವರಿಸುವ ಅಗತ್ಯವಿಲ್ಲ.

ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆವು. ಕ್ರಿಸ್ತಪೂರ್ವ ಸುಮಾರು 1208ರ ಐಗುಪ್ತದ ಒಂದು ಶಿಲಾಶಾಸನದಲ್ಲಿ ಇಸ್ರಾಯೇಲೆಂಬ ಜನದ ಹೆಸರುಂಟು. ಕ್ರಿಸ್ತಪೂರ್ವ 586ರಲ್ಲಿ ಬಾಬೆಲಿನವರು ಮೊದಲನೆಯ ದೇವಾಲಯವನ್ನು ಸುಟ್ಟರು. ಪಾರಸಿಯ ಅರಸನಾದ ಕೋರೆಷನ ಅಪ್ಪಣೆಯಿಂದ ಜನರು ತಿರುಗಿ ಬಂದು ಎರಡನೆಯದನ್ನು ಕಟ್ಟಿದರು. ಕ್ರಿಸ್ತಶಕ 70ರಲ್ಲಿ ರೋಮಿನವರು ಅದನ್ನೂ ಕೆಡವಿದರು. 132ರಿಂದ 135ರ ವರೆಗಿನ ದಂಗೆಯು ಅಡಗಿದ ಮೇಲೆ ಯೆಹೂದ್ಯರು ಯೆರೂಸಲೇಮಿನೊಳಗೆ ಕಾಲಿಡಬಾರದೆಂದು ಹದ್ರಿಯಾನ ಚಕ್ರವರ್ತಿಯು ಕಟ್ಟುಮಾಡಿದನು. ಯೂದಾಯವೆಂಬ ಹೆಸರು ಹೋಗಿ ಸೀಮೆಗೆ ಪಲೆಸ್ತೀನವೆಂಬ ಹೆಸರು ನಿಂತಿತು. ಆದರೂ ಗಲಿಲಾಯದಲ್ಲಿ ಅವರ ಊರುಗಳು ಇದ್ದವು. ಅಲ್ಲಿಯ ಪಂಡಿತರು ಸುಮಾರು 400ರ ಹೊತ್ತಿಗೆ ತಮ್ಮ ತಾಲ್ಮೂದನ್ನು ಕೂಡಿಸಿದರು. ಯೆಹೂದ್ಯರೆಲ್ಲರೂ ದೇಶಬಿಟ್ಟು ಹೋದರೆಂಬ ಮಾತು ನಿಜವಲ್ಲ.

ಇನ್ನು ಮುಸಲ್ಮಾನರ ವಾದ. ಇದನ್ನು ನಮ್ಮವರು ಕೇಳಿ ತಿಳಿದದ್ದು ಬಲು ಸ್ವಲ್ಪ. ಅವರ ಕುರಾನಿನಲ್ಲಿ ಅಬ್ರಹಾಮನು ಇಬ್ರಾಹೀಮ, ಮೋಶೆಯು ಮೂಸಾ, ದಾವೀದನು ದಾವೂದ, ಎಲ್ಲರೂ ಪ್ರವಾದಿಗಳು. ಅಬ್ರಹಾಮನು ಯೆಹೂದ್ಯನೂ ಅಲ್ಲ, ಕ್ರೈಸ್ತನೂ ಅಲ್ಲ, ಏಕದೇವರಿಗೆ ಅಧೀನನಾದವನು ಎಂಬದು 3ನೆಯ ಅಧ್ಯಾಯದ ಬೋಧೆ. ಆದಕಾರಣ ಆ ಪ್ರವಾದಿಗಳು ನಡೆದಾಡಿದ ನೆಲವೂ ಅವರ ಗೋರಿಗಳೂ ತಮಗೆ ಹೊರಗಿನವಲ್ಲವೆಂದು ಅವರು ಎಣಿಸುತ್ತಾರೆ. 17ನೆಯ ಅಧ್ಯಾಯದ ಮೊದಲನೆಯ ವಚನದಲ್ಲಿ ದೇವರು ತನ್ನ ದಾಸನನ್ನು ಒಂದು ರಾತ್ರಿಯಲ್ಲಿ ಪವಿತ್ರ ಮಸೀದಿಯಿಂದ ದೂರದ ಮಸೀದಿಗೆ, ಅರಬಿಯಲ್ಲಿ ಅಲ್-ಅಕ್ಸಾಕ್ಕೆ, ಕರೆದೊಯ್ದ ವಿಷಯವಿದೆ. ಆ ವಚನದಲ್ಲಿ ಯೆರೂಸಲೇಮೆಂಬ ಹೆಸರಿಲ್ಲ. ಆದರೆ ಮುಸಲ್ಮಾನ ಸಂಪ್ರದಾಯವು ಬಹು ಮೊದಲಿನಿಂದ ಅದನ್ನು ಯೆರೂಸಲೇಮೆಂದೇ ತಿಳಿದು, ಮಹಮ್ಮದರು ಅಲ್ಲಿಂದ ಪರಲೋಕಗಳಿಗೆ ಏರಿದರೆಂದು ಹೇಳುತ್ತದೆ. ಅವರ ಮೊದಲನೆಯ ಪ್ರಾರ್ಥನೆಯ ದಿಕ್ಕು ಆ ಪಟ್ಟಣವೇ; ಸುಮಾರು 624ರಲ್ಲಿ ಅದು ಮಕ್ಕಾದ ಕಡೆಗೆ ತಿರುಗಿತು.

ವಿಚಿತ್ರವೇನೆಂದರೆ, ಕುರಾನಿನ 5ನೆಯ ಅಧ್ಯಾಯದಲ್ಲಿ ಮೂಸಾ ತನ್ನ ಜನರಿಗೆ, ದೇವರು ನಿಮಗೆ ನೇಮಿಸಿದ ಪವಿತ್ರ ದೇಶವನ್ನು ಪ್ರವೇಶಿಸಿರಿ ಎಂಬರ್ಥದಲ್ಲಿ ಹೇಳಿದ್ದುಂಟು. ಯೆಹೂದ್ಯರಲ್ಲಿ ಕೆಲವರು ಇದನ್ನೇ ಹಿಡಿದು, ನಿಮ್ಮ ಗ್ರಂಥವೂ ನಮಗೇ ಸಾಕ್ಷಿ ಎನ್ನುತ್ತಾರೆ. ಮುಸಲ್ಮಾನ ವ್ಯಾಖ್ಯಾನಕಾರರಲ್ಲಿ ಬಹು ಮಂದಿಯಾದರೋ ಆ ದಾನವು ವಿಧೇಯತೆಯ ಕಟ್ಟಿಗೆ ಒಳಪಟ್ಟದ್ದೆಂದೂ, ಅದು ಮುರಿದಾಗ ಹಕ್ಕೂ ಹೋಯಿತೆಂದೂ, ಭೂಮಿಗೆ ನೀತಿವಂತರಾದ ದಾಸರೇ ಬಾಧ್ಯರೆಂದು 21ನೆಯ ಅಧ್ಯಾಯವು ಹೇಳುತ್ತದೆಂದೂ ಉತ್ತರಕೊಡುತ್ತಾರೆ. ವಿಧೇಯತೆಯ ಈ ಮಾತು ಯೆಹೂದ್ಯರ ಗ್ರಂಥಕ್ಕೂ ಹೊಸತಲ್ಲ. ಯಾಜಕಕಾಂಡ 26ನ್ನೂ ಪ್ರವಾದಿಗಳನ್ನೂ ಓದಿದವರಿಗೆ ಅದು ಗೊತ್ತು. ನೀತಿವಂತನಿಗೆ ಭೂಮಿ ಎಂದು ಒಪ್ಪಿದ ಮೇಲೆ ಎರಡು ಕಡೆಯವರಲ್ಲಿ ಯಾರೂ ತಮ್ಮ ನೀತಿಯನ್ನು ಮುಂದಿಟ್ಟು ಹಕ್ಕು ಸಾಧಿಸುವದು ಕಠಿಣವಾಗುವದು.

ಚರಿತ್ರೆಯಲ್ಲಿ ಅವರ ವಾದವು ಬಲವಾದದ್ದು. ಸುಮಾರು 638ರಲ್ಲಿ ಯೆರೂಸಲೇಮಿನ ಬಿಷಪನಾದ ಸೊಫ್ರೋನಿಯನು ಪಟ್ಟಣವನ್ನು ಖಲೀಫ ಉಮರನಿಗೆ ಒಪ್ಪಿಸಿದನು. ಆಗ ಉಮರನು ಪುನರುತ್ಥಾನದ ದೇವಾಲಯದಲ್ಲಿದ್ದಾಗ ನಮಾಜಿನ ಹೊತ್ತಾಗಲು, ಒಳಗೇ ಮಾಡಬಹುದೆಂದು ಬಿಷಪನು ಹೇಳಿದರೂ ಒಪ್ಪದೆ ಹೊರಗಣ ಮೆಟ್ಟಲಲ್ಲಿ ಮಾಡಿದನಂತೆ. ತಾನು ಒಳಗೆ ಮಾಡಿದರೆ ಮುಂದಿನವರು ಅದನ್ನೇ ನೆವಮಾಡಿ ದೇವಾಲಯವನ್ನು ಮಸೀದಿಯಾಗಿ ಮಾಡಿಕೊಂಡಾರು ಎಂದು ಕಾರಣ ಹೇಳಿದನಂತೆ. ಈ ವೃತ್ತಾಂತವನ್ನು ನಮಗೆ ಉಳಿಸಿದವನು ಹತ್ತನೆಯ ಶತಮಾನದ ಒಬ್ಬ ಕ್ರೈಸ್ತ ಬಿಷಪನು, ಮುಸಲ್ಮಾನನಲ್ಲ. ಆ ದೇವಾಲಯದ ಬಾಗಲ ಬೀಗದಕೈಯೂ ತೆರೆಯುವ ಹಕ್ಕೂ ಇಂದಿಗೂ ಎರಡು ಮುಸಲ್ಮಾನ ಮನೆತನಗಳಲ್ಲಿ ಇವೆ. ಒಳಗಿನ ಕ್ರೈಸ್ತ ಪಂಗಡಗಳು ಒಬ್ಬರನ್ನೊಬ್ಬರು ನಂಬದಿದ್ದದರಿಂದ ಈ ಏರ್ಪಾಡು ಸುಲಭವಾಗಿ ನಿಂತಿತೆಂಬದನ್ನು ನಾಚಿಕೆಯಿಂದಲೇ ಹೇಳಬೇಕು. ಖಲೀಫ ಅಬ್ದುಲ್ ಮಲಿಕನು ಸುಮಾರು 691ರಲ್ಲಿ ಹಳೆಯ ದೇವಾಲಯದ ಬಯಲಿನಲ್ಲಿ ಬಂಡೆಯ ಮೇಲಣ ಗುಮ್ಮಟವನ್ನು ಕಟ್ಟಿಸಿದನು. 1099ರಲ್ಲಿ ಯೂರೋಪಿನ ಶಿಲುಬೆಯ ದಂಡಿನವರು ಪಟ್ಟಣವನ್ನು ಹಿಡಿದು ಮುಸಲ್ಮಾನರನ್ನೂ ಯೆಹೂದ್ಯರನ್ನೂ ಭೇದವಿಲ್ಲದೆ ಕಡಿದರು. 1187ರಲ್ಲಿ ಸಲಾಹುದ್ದೀನನು ಅದನ್ನು ತಿರುಗಿ ಪಡೆದನು. ಆ ಮೇಲೆ ಸ್ವಲ್ಪ ಕಾಲವನ್ನು ಬಿಟ್ಟು 1917ರ ವರೆಗೆ ಮುಸಲ್ಮಾನ ಅರಸುಗಳೇ ಆಳಿದರು. ಒಂದು ದೇಶದಲ್ಲಿ ಸಾವಿರಕ್ಕೂ ಹೆಚ್ಚು ವರುಷ ಉತ್ತು ಬಿತ್ತಿ ಸತ್ತವರ ಮಕ್ಕಳನ್ನು ನಿನ್ನೆ ಬಂದವರೆಂದು ಕರೆಯಲಾಗದು. ಅವರಲ್ಲಿ ಕ್ರೈಸ್ತರಾದ ಅರಬರೂ ಇದ್ದಾರೆ. ಬೇತ್ಲೆಹೇಮಿನಲ್ಲಿಯೂ ನಜರೇತಿನಲ್ಲಿಯೂ ಅವರ ಸಭೆಗಳು ನಮ್ಮವುಗಳಿಗಿಂತ ಬಹು ಪುರಾತನವಾದವು.

ಆ ಬಳಿಕ ನಡೆದದ್ದನ್ನು ಪತ್ರಿಕೆ ಓದುವವರು ಬಲ್ಲರು. 1897ರಲ್ಲಿ ಯೆಹೂದ್ಯರ ಮೊದಲನೆಯ ಚಿಯೋನ್ ಸಮ್ಮೇಳನವು ಬಾಸೆಲ್ ಪಟ್ಟಣದಲ್ಲಿ ಕೂಡಿತು; 1834ರಲ್ಲಿ ಮಂಗಳೂರಿಗೆ ಉಪದೇಶಿಗಳನ್ನು ಕಳುಹಿಸಿದ ಅದೇ ಬಾಸೆಲು. 1917ರಲ್ಲಿ ಇಂಗ್ಲಿಷ್ ಮಂತ್ರಿಯಾದ ಬಾಲ್ಫೋರನು ಅಲ್ಲಿ ಯೆಹೂದ್ಯರಿಗೆ ಒಂದು ರಾಷ್ಟ್ರೀಯ ನೆಲೆಯಾಗುವದಕ್ಕೆ ಸಹಾಯಮಾಡುವೆವೆಂದು ಪತ್ರ ಬರೆದನು. 1918ರ ಸಪ್ಟೆಂಬರ 23ರಂದು ಹೈಫಾ ಪಟ್ಟಣವನ್ನು ಹಿಡಿದ ಕುದುರೆದಂಡಿನಲ್ಲಿ ನಮ್ಮ ಮೈಸೂರಿನ ಸವಾರರೂ ಇದ್ದರು. ಯೂರೋಪಿನಲ್ಲಿ ಹಿಟ್ಲರನವರು 60 ಲಕ್ಷ ಯೆಹೂದ್ಯರನ್ನು ಕೊಂದರು. 1947ರ ನವಂಬರ 29ರಂದು ಸಂಯುಕ್ತ ರಾಷ್ಟ್ರಗಳು ದೇಶವನ್ನು ಎರಡಾಗಿ ಪಾಲುಮಾಡಿ ಯೆರೂಸಲೇಮನ್ನು ಯಾರ ಪಾಲಿಗೂ ಸೇರಿಸದೆ ಪ್ರತ್ಯೇಕವಿಡಬೇಕೆಂದು ನಿರ್ಣಯಿಸಿದವು. ಇಂಡಿಯ ದೇಶವು ಅದಕ್ಕೆ ವಿರೋಧವಾಗಿ ಮತಕೊಟ್ಟಿತು. 1948ರಲ್ಲಿ ಇಸ್ರಾಯೇಲ್ ರಾಜ್ಯವಾಯಿತು. ಆ ಯುದ್ಧದಲ್ಲಿ ಸುಮಾರು 7 ಲಕ್ಷ ಅರಬರು ಮನೆಮಾರು ಕಳಕೊಂಡರು. ಮುಂದಿನ ವರುಷಗಳಲ್ಲಿ ಅರಬ ದೇಶಗಳಿಂದಲೂ ಲಕ್ಷಗಟ್ಟಲೆ ಯೆಹೂದ್ಯರು ತಮ್ಮ ಮನೆಗಳನ್ನು ಬಿಟ್ಟು ಹೊರಡಬೇಕಾಯಿತು. 1967ರಲ್ಲಿ ಹಳೆಯ ಯೆರೂಸಲೇಮೂ ಯೊರ್ದನಿನ ಪಶ್ಚಿಮದ ಸೀಮೆಯೂ ಗಾಜಾವೂ ಇಸ್ರಾಯೇಲಿನ ಕೈಸೇರಿದವು.

ಇಷ್ಟನ್ನೆಲ್ಲ ಓದಿ, ಇದು ದೂರದ ಸಂಗತಿ ಎಂದು ತೋರಿದರೆ ಬಿಣಗಾದ ಕಡಲತೀರದಲ್ಲಿ ನಿಂತು ಎದುರಿನ ಅಂಜದೀವವನ್ನು ನೋಡಬಹುದು. ಆ ದ್ವೀಪದಲ್ಲಿದ್ದ ಆರ್ಯಾದುರ್ಗೆಯನ್ನು ಹಿಂದೆ ಅಲ್ಲಿಂದ ಎತ್ತಿ ತಂದು ಅಂಕೋಲೆಯಲ್ಲಿ ನಿಲ್ಲಿಸಿದರೆಂದು ನಮ್ಮ ಹಿಂದೂ ನೆರೆಯವರು ಹೇಳುತ್ತಾರೆ. ಹದಿನಾಲ್ಕನೆಯ ಶತಮಾನದ ಮುಸಲ್ಮಾನ ಪ್ರವಾಸಿಯಾದ ಇಬ್ನ್ ಬತೂತನು ಈ ಕರಾವಳಿಯ ಒಂದು ಚಿಕ್ಕ ದ್ವೀಪದಲ್ಲಿ ಗುಡಿಯನ್ನೂ ಕೆರೆಯನ್ನೂ ಒಬ್ಬ ಜೋಗಿಯನ್ನೂ ಕಂಡೆನೆಂದು ಬರೆದಿದ್ದಾನೆ. ಅದು ಅಂಜದೀವವೆಂದೇ ಪಂಡಿತರ ಅಭಿಪ್ರಾಯ. 1498ರಲ್ಲಿ ವಾಸ್ಕೊ ಡ ಗಾಮನು ಅಲ್ಲಿ ಹಡಗು ನಿಲ್ಲಿಸಿದಾಗ ಅವನ ಬಳಿಗೆ ಬಂದವನು ಗೋವೆಯ ಮುಸಲ್ಮಾನ ಒಡೆಯನ ಸೇವೆಯಲ್ಲಿದ್ದ ಒಬ್ಬ ಯೆಹೂದ್ಯನು. ಅವನ ತಂದೆತಾಯಿಗಳು ಪೋಲೆಂಡಿನಿಂದ ಯೆರೂಸಲೇಮಿಗೂ ಅಲ್ಲಿಂದ ಅಲೆಕ್ಸಾಂದ್ರಿಯಕ್ಕೂ ಹೋದವರೆಂದು ಪೋರ್ತುಗೀಜ ಚರಿತ್ರಕಾರನೊಬ್ಬನು ಹೇಳುತ್ತಾನೆ. ಗಾಮನು ಅವನನ್ನು ಹಿಂಸಿಸಿ, ಒಯ್ದು, ದೀಕ್ಷಾಸ್ನಾನ ಮಾಡಿಸಿ, ಗಾಸ್ಪರ್ ಡ ಗಾಮನೆಂದು ತನ್ನ ಹೆಸರನ್ನೇ ಇಟ್ಟನು. (ಇಂಥ ದೀಕ್ಷಾಸ್ನಾನದ ವಿಷಯದಲ್ಲಿ ನಾವು ಹೆಚ್ಚು ಹೇಳಲೊಲ್ಲೆವು.) ಪೋರ್ತುಗೀಜರು ಅಲ್ಲಿ ಕೋಟೆಯನ್ನೂ ಬ್ರೋತಸ್ ಮಾತೆಯ ದೇವಾಲಯವನ್ನೂ ಕಟ್ಟಿದರು, ಗೋವೆಯ ಕಥೋಲಿಕರಿಗೆ ಅದು ಯಾತ್ರಾಸ್ಥಳವಾಯಿತು. 1961ರ ದಶಂಬರದಲ್ಲಿ ಇಂಡಿಯದ ನೌಕಾದಳದವರು ಅದನ್ನು ಹಿಡಿದರು. ಈಗ ದ್ವೀಪವು ನೌಕಾದಳದ ವಶದಲ್ಲಿದೆ. ದುರ್ಗೆಯ ಭಕ್ತರಿಗೆ ಅಲ್ಲಿ ನೆನಪು ಉಂಟು, ಕಥೋಲಿಕರಿಗೆ ದೇವಾಲಯ ಉಂಟು, ಸರಕಾರಕ್ಕೆ ಒಡೆತನ ಉಂಟು. ಒಂದು ಸ್ಥಳವು ನನ್ನದು ಎಂದು ಮೂವರು ಹೇಳಿದಾಗ ಮೂವರೂ ಒಂದೇ ಅರ್ಥದಲ್ಲಿ ಹೇಳುವದಿಲ್ಲ. ಯೆರೂಸಲೇಮಿನ ವಿಷಯದಲ್ಲಿ ನೆನಪಿನ ಹಕ್ಕು, ಆರಾಧನೆಯ ಹಕ್ಕು, ಆಳುವ ಹಕ್ಕು ಈ ಮೂರನ್ನೂ ಒಂದೇ ಹಗ್ಗದಲ್ಲಿ ಹೊಸೆದದ್ದರಿಂದ ಗಂಟು ಬಿಗಿಯಾಯಿತೆಂದು ನಮಗೆ ತೋರುತ್ತದೆ.

ಇದಕ್ಕಿಂತಲೂ ಹತ್ತಿರದ ಸಾಕ್ಷಿ ಉಂಟು. 1986ರಲ್ಲಿ ಪ್ರಧಾನಮಂತ್ರಿ ರಾಜೀವ ಗಾಂಧಿಯವರು ಅಡಿಗಲ್ಲಿಟ್ಟ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಅಂಕೋಲೆ ತಾಲೂಕುಗಳ 4,000ಕ್ಕೂ ಮೇಲಾದ ಕುಟುಂಬಗಳು ಗದ್ದೆ, ತೋಟ, ದೋಣಿ ಎಳೆಯುವ ಕಡಲತಡಿ ಎಲ್ಲವನ್ನು ಬಿಟ್ಟು ಎದ್ದರು. ದೇಶದ ಕಾವಲಿಗೆ ನೆಲೆಯು ಬೇಕಾಗಿತ್ತೆಂಬದನ್ನು ಅವರಲ್ಲಿ ಹಲವರು ಅಲ್ಲಗಳೆಯರು. ಆದರೂ ಪರಿಹಾರದ ಖಟ್ಲೆಗಳು ಮೂವತ್ತು ವರುಷ ಎಳೆದವು. ಊರಿನ ಹೆಸರು ಹೇಳಿದರೆ ಮುದುಕರ ಕಣ್ಣು ಇಂದಿಗೂ ಒದ್ದೆಯಾಗುತ್ತದೆ. 1948ರಲ್ಲಿ ಬೀಗ ಹಾಕಿ ಬಂದ ಮನೆಯ ಬೀಗದಕೈಯನ್ನು ಮೊಮ್ಮಕ್ಕಳ ವರೆಗೆ ಕಾದಿಟ್ಟ ಪಲೆಸ್ತೀನದ ಅಜ್ಜಿಯನ್ನೂ, ಹದಿನೆಂಟು ನೂರು ವರುಷ ಒಂದು ಪಟ್ಟಣದ ಹೆಸರನ್ನು ಪ್ರಾರ್ಥನೆಯಲ್ಲಿ ಕಾದಿಟ್ಟ ಯೆಹೂದ್ಯನನ್ನೂ ಸೀಬರ್ಡ್ ನಿರಾಶ್ರಿತರ ನಾಡಿನವರು ಅರಿಯಲಾರೆವೆಂದರೆ ಬೇರೆ ಯಾರು ಅರಿಯುವರು?

ನಮ್ಮ ಸಭೆಗಳ ಓದಿನ ವಿಷಯದಲ್ಲಿ ಒಂದೆರಡು ಮಾತು. ಅಬ್ರಹಾಮನ ಭೂವಾಗ್ದಾನವು ಇಂದಿನ ಇಸ್ರಾಯೇಲ್ ರಾಜ್ಯದಲ್ಲಿ ಅಕ್ಷರಶಃ ನೆರವೇರುತ್ತದೆಂಬ ಬೋಧೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಡಾರ್ಬಿ ಮುಂತಾದವರಿಂದ ಬಲಗೊಂಡು, 1909ರ ಸ್ಕೋಫೀಲ್ಡನ ಟಿಪ್ಪಣಿಯ ಸತ್ಯವೇದದ ಮೂಲಕ ಹರಡಿತು. ಪೌಲನು ಗಲಾತ್ಯ 3ರಲ್ಲಿ ಆ ಸಂತಾನವನ್ನು ಕ್ರಿಸ್ತನೆಂದು ಹೇಳಿದ್ದರಿಂದಲೂ, ಇಬ್ರಿಯರಿಗೆ ಬರೆದ ಪತ್ರವು ಅಬ್ರಹಾಮನು ಪರಲೋಕದ ಪಟ್ಟಣವನ್ನೇ ಎದುರುನೋಡಿದನೆಂದು ಹೇಳುವದರಿಂದಲೂ, ಬೇರೆ ಸಭೆಗಳವರು ಹಾಗೆ ತಿಳಿಯುವದಿಲ್ಲ. ಅದರೊಂದಿಗೆ ದೇವರು ಇಸ್ರಾಯೇಲನ್ನು ತಳ್ಳಿಬಿಡಲಿಲ್ಲವೆಂಬ ರೋಮಾಪುರದ ಪತ್ರದ 11ನೆಯ ಅಧ್ಯಾಯವೂ ಇದೆ. ಅದನ್ನು ಮರೆತ ಕ್ರೈಸ್ತ ದೇಶಗಳಲ್ಲಿ ಯೆಹೂದ್ಯರಿಗೆ ಆದ ಗತಿಯನ್ನು ಮೇಲೆ ಹೇಳಿದೆವು. ನಾವು ಎರಡನೆಯ ಪಕ್ಷಕ್ಕೆ ಒಲಿದವರು. ಆದರೆ ಮೊದಲನೆಯ ಪಕ್ಷವನ್ನು ಹಿಡಿದವರೂ ಯೆಹೆಜ್ಕೇಲ 47ರ ಕಡೆಯ ವಚನಗಳನ್ನು ಬಿಡಕೂಡದು. ದೇಶವನ್ನು ಕುಲಕುಲಕ್ಕೆ ಚೀಟುಹಾಕಿ ಹಂಚುವಾಗ, ಅಲ್ಲಿ ಇಳುಕೊಂಡು ಮಕ್ಕಳನ್ನು ಹೆತ್ತ ಅನ್ಯದೇಶದವರಿಗೂ ಸ್ವದೇಶದವರಂತೆಯೇ ಪಾಲುಕೊಡಬೇಕೆಂದು ಅಲ್ಲಿ ಆಜ್ಞೆಯಾಗಿದೆ. ಭೂಮಿಯ ಹಕ್ಕಿನ ಮಾತೆತ್ತುವವರು ಇದನ್ನು ಏಕೆ ಓದಿಸುವದಿಲ್ಲವೋ ಎಂದು ನಾವು ಆಶ್ಚರ್ಯಪಟ್ಟಿದ್ದೇವೆ.

ಕಡೆಗೆ ಅಬ್ರಹಾಮನು ಹಣಕೊಟ್ಟು ಕೊಂಡ ಆ ಗವಿಯ ಸ್ಥಿತಿಯನ್ನು ತಿಳಿಸುವೆವು. ಹೆಬ್ರೋನಿನಲ್ಲಿ ಅದರ ಮೇಲೆ ಹೆರೋದನ ಕಾಲದ ದೊಡ್ಡ ಕಲ್ಲುಗಳ ಗೋಡೆ ಇಂದಿಗೂ ನಿಂತಿದೆ. ಯೆಹೂದ್ಯರಿಗೆ ಅದು ಮಕ್ಪೇಲ, ಮುಸಲ್ಮಾನರಿಗೆ ಇಬ್ರಾಹೀಮೀ ಮಸೀದಿ. ನೂರಾರು ವರುಷ ಯೆಹೂದ್ಯರು ಹೊರಗಣ ಏಳನೆಯ ಮೆಟ್ಟಲಿನಿಂದ ಮೇಲಕ್ಕೆ ಬರುವಂತಿರಲಿಲ್ಲ. 1929ರಲ್ಲಿ ಆ ಊರಿನ 67 ಮಂದಿ ಯೆಹೂದ್ಯರು ಅರಬರ ಗುಂಪಿನಿಂದ ಕೊಲ್ಲಲ್ಪಟ್ಟರು. ಬಹು ಮಂದಿಯನ್ನು ಅರಬ ನೆರೆಯವರೇ ತಮ್ಮ ಮನೆಗಳಲ್ಲಿ ಅಡಗಿಸಿ ಉಳಿಸಿದರು. 1994ರಲ್ಲಿ ಒಬ್ಬ ಯೆಹೂದ್ಯನು ರಮಜಾನಿನ ನಮಾಜಿನ ಹೊತ್ತಿನಲ್ಲಿ ಮಸೀದಿಯೊಳಗೆ ಬಂದೂಕು ಹಾರಿಸಿ 29 ಮಂದಿಯನ್ನು ಕೊಂದನು. ಆ ಬಳಿಕ ಕಟ್ಟಡವನ್ನು ಎರಡಾಗಿ ಪಾಲುಮಾಡಿದರು. ಇಸಾಕ ರೆಬೆಕ್ಕರ ಸಮಾಧಿಗಳ ಕಡೆಯು ಮುಸಲ್ಮಾನರಿಗೆ, ಯಾಕೋಬ ಲೇಯರ ಕಡೆಯು ಯೆಹೂದ್ಯರಿಗೆ. ವರುಷದಲ್ಲಿ ಹತ್ತು ದಿನ ಇಡೀ ಕಟ್ಟಡವು ಒಬ್ಬರಿಗೆ, ಬೇರೆ ಹತ್ತು ದಿನ ಮತ್ತೊಬ್ಬರಿಗೆ ಎಂದು ಕಟ್ಟಳೆ. ಅಬ್ರಹಾಮನ ಸಮಾಧಿಯು ನಡುವೆ ಇರುವದರಿಂದ ಎರಡು ಕಡೆಯವರೂ ಕಬ್ಬಿಣದ ಕಂಬಿಗಳ ಮೂಲಕ ಅದನ್ನು ನೋಡುತ್ತಾರೆ.

ಮುಂದಿನ ಕೂಟಕ್ಕೆ ಬರುವ ಮೊದಲು ಆದಿಕಾಂಡ 25ರ 7ರಿಂದ 10ನೆಯ ವಚನಗಳನ್ನು ಮನೆಯಲ್ಲಿ ಓದಿಕೊಂಡು, ಅಬ್ರಹಾಮನನ್ನು ಆ ಗವಿಯಲ್ಲಿ ಹೂಣಿಟ್ಟವರು ಯಾರು ಯಾರೆಂಬದನ್ನು ಗುರುತಿಸಿಕೊಂಡು ಬರಬೇಕು.